ಫಾರಂನ ಮೂರನೆಯ ಸಾಲು

ಮಸ್ಕತ್,
ಬುಧವಾರ, ಮೇ ೧೪, ಸಂಜೆ

ಪ್ರೀತಿಯ ತಿಮಾ ಅಕ್ಕನಿಗೆ,

ನಿನ್ನ ತಂಗಿ ಮ್ವಾನಾಶಾಳ ಸಲಾಮು. ಮೊದಲು ನಿನ್ನ ಮಂಡಿಯ ಸಮಾಚಾರ ಹೇಳು. ಆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ ಅಥವಾ ಶೀಶೆಯನ್ನು ಗೂಡಿನಲ್ಲಿಟ್ಟು ನೋಡುತ್ತಾ ಕೂತಿದ್ದೀಯೋ? ಮಕ್ಕಳ ಬಟ್ಟೆ ಒಣಗಹಾಕಲು ನೀನೇ ಮಾಳಿಗೆ ಹತ್ತಬೇಡ, ಸ್ವಾಬ್ರಾಳನ್ನು ಕಳಿಸು. ಹನ್ನೆರಡು ವರ್ಷದ ಹುಡುಗಿಗೆ ಮೆಟ್ಟಿಲೇನು ಭಾರವಲ್ಲ. ದೀಪ ಹಾಕಿದ ಮೇಲೆ ಕಸೂತಿ ಟೋಪಿಗೆ ಸೂಜಿ ಹಾಕಬೇಡ, ಕಣ್ಣಿನ ಡಾಕ್ಟರು ಹೇಳಿದ್ದು ನನಗೆ ನೆನಪಿದೆ, ನಿನಗಿಲ್ಲ. ಅಲ್ವಿಗೆ ಉಬ್ಬಸ ಬಂದರೆ ಪಂಪು ನನ್ನ ಬೀರುವಿನ ಮೇಲಿನ ಅರೆಯಲ್ಲಿದೆ. ಉಮ್ಮಿ ಯಾರದಾದರೂ ಕಿವಿ ಹಿಡಿದುಕೊಳ್ಳದೆ ನಿದ್ದೆ ಮಾಡುವುದಿಲ್ಲ, ಇಷ್ಟು ಹೊತ್ತಿಗೆ ನಿನ್ನ ಕಿವಿ ಕೆಂಪಾಗಿರಬೇಕು. ನನ್ನ ಮೂರು ಮಕ್ಕಳನ್ನೂ ನಿನ್ನ ಕೊರಳಿಗೆ ಕಟ್ಟಿ ಬಂದುಬಿಟ್ಟೆ. ಮೂರು ಅಂತ ಬರೆದೆನೇ? ಎರಡು ಅನ್ನಬೇಕಿತ್ತು. ಸ್ವಾಬ್ರಾ ನಿನ್ನವಳು. ಐದು ದಿನದಿಂದ ಈ ಒಂದು ಎಣಿಕೆಯೇ ತಪ್ಪುತ್ತಿದೆ ನೋಡು, ಕೈ ಕೂಡ ಅದನ್ನೇ ಕಲಿತುಬಿಟ್ಟಿದೆ.

ದಿನಾ ಫೋನು ಮಾಡುತ್ತಿರುವವಳು ಈಗ ಕಾಗದ ಯಾಕೆ ಬರೆಯುತ್ತಿದ್ದಾಳೆ ಅಂದುಕೊಳ್ಳುತ್ತೀಯ. ನಿನ್ನ ಫೋನು ಯಾವತ್ತು ನಿನ್ನ ಕೈಯಲ್ಲಿತ್ತು ಹೇಳು? ಸ್ವಾಬ್ರಾ ಅದನ್ನು ಚಾಪೆಯ ಮೇಲೆ ಇಟ್ಟು ಸ್ಪೀಕರ್ ಹಾಕಿದರೆ ಇಡೀ ಓಣಿ ಕೇಳುತ್ತದೆ. ಅವಳ ಕಿವಿಗೆ ಬೀಳಬಾರದ ಮಾತು ಇದು. ಶುಕ್ರವಾರ ನಾವು ಇಲ್ಲಿಂದ ಹೊರಟರೂ ನೇರ ಮೊಂಬಾಸಾಕ್ಕೆ ಬರುತ್ತಿಲ್ಲ, ಜಾಂಜಿಬಾರದಲ್ಲಿ ಇವರ ಸೋದರತ್ತೆಯನ್ನು ನೋಡಿಕೊಂಡು ಮುಂದಿನ ಬುಧವಾರ ಬರುತ್ತೇವೆ. ಅಷ್ಟರೊಳಗೆ ಇದು ನಿನ್ನ ಕೈ ಸೇರಬೇಕು. ನಮ್ಮ ಓಣಿಯ ಮುದುಕ ಬಕಾರಿ ಇಲ್ಲಿ ಮಗಳ ಮನೆಗೆ ಬಂದಿದ್ದವರು ನಾಳೆ ಊರಿಗೆ ಹೊರಡುತ್ತಾರೆ. ಅವರ ಕೈಯಲ್ಲೇ ಕಳಿಸುತ್ತೇನೆ. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ, ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ. ಬೈಯುವುದಕ್ಕೇ ಕೂತಿದ್ದೇನೆ. ಯಾವುದಕ್ಕೆ ಅಂತ ನಿನಗೆ ಗೊತ್ತು, ಆದರೂ ಕ್ರಮವಾಗಿ ಹೇಳುತ್ತೇನೆ.

ಊರಿನ ಬಗ್ಗೆ ಏನು ಹೇಳಲಿ. ಸುಣ್ಣ ಬಳಿದಂಥ ಬಿಳಿ ಮನೆಗಳು, ಹಿಂದೆ ಬೋಳು ಬೆಟ್ಟ, ರಸ್ತೆಯಲ್ಲಿ ನಡೆಯುವವರೇ ಇಲ್ಲ. ಬಿಸಿಲು ಕಣ್ಣಿಗಲ್ಲ, ಹಲ್ಲಿಗೆ ಹೊಡೆಯುತ್ತದೆ. ಕಾರಿನಿಂದ ಕಟ್ಟಡಕ್ಕೆ, ಕಟ್ಟಡದಿಂದ ಕಾರಿಗೆ, ಅದೇ ನಮ್ಮ ಓಡಾಟ. ಒಳಗೆ ಹೋದರೆ ಚಳಿ, ಹೊರಗೆ ಬಂದರೆ ಒಲೆ, ನನಗೆ ಮೂರನೇ ದಿನಕ್ಕೇ ಮೂಗು ಕಟ್ಟಿತು. ಜನ ಒಳ್ಳೆಯವರು, ಸುಳ್ಳು ಹೇಳಬಾರದು. ತರಕಾರಿ ಅಂಗಡಿಯವನು ನಮ್ಮ ಮಾತು ಕೇಳಿ ನಮ್ಮದೇ ಭಾಷೆಯಲ್ಲಿ ಯಾವ ಓಣಿ ಅಂತ ಕೇಳಿದ. ಅವನ ಅಜ್ಜಿ ನಮ್ಮ ಕಡೆಯವಳಂತೆ. ಇವರನ್ನು ಕರೆಸಿಕೊಂಡ ಆಸ್ಪತ್ರೆಯವರೂ ಮರ್ಯಾದೆಯಿಂದಲೇ ನೋಡಿಕೊಳ್ಳುತ್ತಿದ್ದಾರೆ. ಇವರು ರಿಪೇರಿ ಮಾಡಬೇಕಾದ ಯಂತ್ರಗಳನ್ನು ತೋರಿಸಿದರಂತೆ, ನಮ್ಮೂರಲ್ಲಿ ತಂತಿ ಸುತ್ತಿ ಓಡಿಸುತ್ತಿದ್ದ ಯಂತ್ರಗಳೇ ಇಲ್ಲಿ ಪೆಟ್ಟಿಗೆ ಬಿಚ್ಚದೆ ನಿಂತಿವೆಯಂತೆ. ಇವರ ಮುಖ ನೀನು ನೋಡಬೇಕಿತ್ತು, ಮದುವೆಯ ದಿನ ಕೂಡ ಅಷ್ಟು ಬೆಳಗಿರಲಿಲ್ಲ. ಜುಲೈ ಮುಗಿದರೆ ಅಲ್ಲಿಯ ಕೆಲಸ ಇಲ್ಲ, ಅದು ನಿನಗೂ ಗೊತ್ತಿದೆ. ಹಾಗಾಗಿ ಬರುವುದೋ ಬೇಡವೋ ಅನ್ನುವ ಪ್ರಶ್ನೆ ಉಳಿದಿಲ್ಲ. ಎಷ್ಟು ಜನ ಬರುವುದು ಅನ್ನುವುದಷ್ಟೇ ಪ್ರಶ್ನೆ.

ಭಾನುವಾರ, ಸೋಮವಾರ ಎರಡು ದಿನವೂ ಮನೆ ನೋಡಿದೆವು. ಆಸ್ಪತ್ರೆಯವರು ಮನೆ ತೋರಿಸಲು ಒಬ್ಬ ಹೆಂಗಸನ್ನು ಗೊತ್ತುಮಾಡಿದ್ದಾರೆ, ಅವಳ ಕೈಯಲ್ಲಿ ಒಂದು ಪಟ್ಟಿ. ಹದಿನಾಲ್ಕು ಮನೆ ಹತ್ತಿ ಇಳಿದೆ ಅಕ್ಕಾ, ಕಾಲು ಬಾತುಕೊಂಡಿದೆ. ಪ್ರತಿ ಮನೆಯಲ್ಲೂ ಮನುಷ್ಯರಿಗಿಂತ ಬಚ್ಚಲುಮನೆ ಹೆಚ್ಚು. ಅಡುಗೆಮನೆಯ ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ, ಕೈ ಚಾಚಿದರೆ ಸಿಗುತ್ತದೆ. ಹಗಲು ಹನ್ನೆರಡಕ್ಕೂ ದೀಪ ಹಾಕಬೇಕು. ಜಗಲಿ ಎಲ್ಲಿ ಅಂತ ಕೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ಸಂಜೆ ಹೆಂಗಸರು ಎಲ್ಲಿ ಕೂರುತ್ತಾರೆ, ಹೋಗುವವರು ಬರುವವರು ಎಲ್ಲಿ ಸಲಾಮು ಹೇಳುತ್ತಾರೆ ಅಂದೆ. ಪಾಪ, ಒಂದು ಬಾಗಿಲು ತೆಗೆದು ತೋರಿಸಿದಳು. ಎರಡು ಮೊಳದ ಜಾಗ, ಅದರಲ್ಲಿ ಮುಕ್ಕಾಲು ಪಾಲು ಏಸಿಯ ಪೆಟ್ಟಿಗೆ ಬಿಸಿ ಉಸಿರು ಬಿಡುತ್ತಾ ಕೂತಿತ್ತು. ಅದರ ಜೊತೆ ಕೂತು ಹರಟೆ ಹೊಡೆ ಅಂತ ಇವರು ನನ್ನನ್ನು ರೇಗಿಸಿದರು. ನಗು ಬರಲಿಲ್ಲ.

ಎರಡು ಕೋಣೆಯ ಮನೆಯೊಂದು ಪರವಾಗಿಲ್ಲ ಅನ್ನಿಸಿತು. ಮಸೀದಿ ಹತ್ತಿರ, ಕೆಳಗೇ ಬೇಕರಿ. ನಾನು ಇದೇ ಆಗಲಿ ಅನ್ನುವಷ್ಟರಲ್ಲಿ ಇವರು ಮೂರು ಕೋಣೆಯದ್ದು ತೋರಿಸಿ ಅಂದರು. ಮೂರು ಯಾಕೆ ಅಂದೆ. ಇವರು ಗೋಡೆಯನ್ನು ಬೆರಳಿನಿಂದ ತಟ್ಟುತ್ತಾ, ನನ್ನ ಮುಖ ನೋಡದೆ, "ಹೆಣ್ಣುಮಕ್ಕಳಿಬ್ಬರಿಗೂ ಒಂದು ಬೇಕಲ್ಲ" ಅಂದರು. ಆ ಹೆಂಗಸಿನ ಎದುರಿಗೆ ಕೇಳುವ ಮಾತಲ್ಲ ಅದು. ಹೋಟೆಲಿನ ಕೋಣೆಗೆ ಬಂದು ಬಾಗಿಲು ಹಾಕಿದ ಮೇಲೆ, ನೀವು ತಿಮಾ ಅಕ್ಕನ ಹತ್ತಿರ ಏನಾದರೂ ಕೇಳಿದ್ದೀರಾ ಅಂತ ಕೇಳಿದೆ. ಇಲ್ಲ ಅಂದರು. ಮನಸ್ಸಿನಲ್ಲಿ ಇದೆ, ಬಾಯಿ ಬಿಟ್ಟು ಯಾರನ್ನೂ ಕೇಳಿಲ್ಲ ಅಂದರು. ಸ್ವಾಬ್ರಾ ನನ್ನನ್ನು ಅಪ್ಪ ಅಂತಾಳೆ, ಅಷ್ಟು ಆಸೆಯೂ ಇರಬಾರದೇ ಅಂದರು.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಇರಲಿ, ನನಗೊಮ್ಮೆ ಬರೆದು ನೋಡಬೇಕಾಗಿದೆ. ಸ್ವಾಬ್ರಾ ಹುಟ್ಟಿದ ವರ್ಷ ನೀನು ಮೂರನೆಯ ಬಸಿರನ್ನೂ ಕಳೆದುಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದೆ. ನಿನ್ನ ಗಂಡ ಆಗಲೇ ಬಿಟ್ಟುಹೋಗಿದ್ದ. ನನ್ನ ಬಾಣಂತನದ ನಲವತ್ತನೆಯ ದಿನ ಅಮ್ಮ ನನಗೆ ತಲೆಗೆ ನೀರು ಹಾಕಿ, ಹೊಸ ಬಟ್ಟೆ ಉಡಿಸಿ, ನನ್ನ ಮಡಿಲಿನಿಂದ ಮಗುವನ್ನು ಎತ್ತಿ ಓಣಿ ದಾಟಿ ಬಂದು ನಿನ್ನ ಮಡಿಲಿಗೆ ಹಾಕಿದಳು. ನನ್ನನ್ನು ಕೇಳಲಿಲ್ಲ ಅಂತಲ್ಲ, ಹಿಂದಿನ ದಿನ ಕೇಳಿದ್ದಳು. ಆಗಲಿ ಅಂದಿದ್ದೆ. ಇಪ್ಪತ್ತೊಂದು ವರ್ಷ ನನಗೆ, ಇನ್ನೂ ಹತ್ತು ಹೆರಬಹುದು ಅಂದುಕೊಂಡಿದ್ದೆ. ನಮ್ಮಲ್ಲಿ ಇದೇನು ಹೊಸದಲ್ಲ, ಅಮ್ಮನೂ ಹಾಗೇ ದೊಡ್ಡಮ್ಮನ ಮನೆಯಲ್ಲಿ ಬೆಳೆದವಳು. ಕಾಗದ ಪತ್ರ ಯಾರೂ ಮಾಡಲಿಲ್ಲ. ಆಸ್ಪತ್ರೆಯ ದಾಖಲೆಯಲ್ಲಿ ನಮ್ಮಿಬ್ಬರ ಹೆಸರು ಇತ್ತು, ಅದು ಹಾಗೇ ಉಳಿಯಿತು. ಅವಳು ನಿನ್ನನ್ನು ಅಮ್ಮ ಅಂದಳು, ನನ್ನನ್ನು ಚಿಕ್ಕಮ್ಮ ಅಂದಳು, ಇವರನ್ನು ಮಾತ್ರ ಅಪ್ಪ ಅಂದಳು. ಹುಟ್ಟಿದ್ದು ಎಲ್ಲಿ ಅಂತ ಅವಳಿಗೂ ಗೊತ್ತು, ಅದರಲ್ಲಿ ಮುಚ್ಚಿಡುವುದು ಏನೂ ಇರಲಿಲ್ಲ. ಬೆಳಗ್ಗೆ ನಿನ್ನ ಮನೆಯಲ್ಲಿ ಚಹಾ, ಮಧ್ಯಾಹ್ನ ನನ್ನ ಮನೆಯಲ್ಲಿ ತೆಂಗಿನ ಹಾಲಿನ ತೊಗರಿಕಾಳು. ನಿನ್ನ ಹೊಸ್ತಿಲಿಂದ ನನ್ನ ಹೊಸ್ತಿಲಿಗೆ ಹನ್ನೊಂದು ಹೆಜ್ಜೆ. ಅಷ್ಟು ಹತ್ತಿರ ಇರುವಾಗ ಮಗು ಯಾರದು ಅಂತ ಯಾರಿಗೆ ಬೇಕಿತ್ತು? ಕೊಟ್ಟೆ ಅಂತ ನನಗೆ ಅನ್ನಿಸಲೇ ಇಲ್ಲ. ಈಗ ವಿಮಾನ ಹತ್ತಬೇಕಾಗಿ ಬಂದಾಗ ಅನ್ನಿಸುತ್ತಿದೆ.

ನಮ್ಮ ಮನೆತನದಲ್ಲಿ ಕೊಟ್ಟ ಮಗುವನ್ನು ಹೆತ್ತವಳು ವಾಪಸ್ ಕೇಳುವಂತಿಲ್ಲ. ಸಾಕಿದವಳು ತಾನಾಗಿ ಮಗುವಿನ ಬಟ್ಟೆ ಗಂಟು ಕಟ್ಟಿ ಕಳಿಸಿದರೆ ಅದು ಬೇರೆ. ಇದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಅದಕ್ಕೇ ನೀನು ಆ ಕೆಲಸ ಮಾಡಿದೆ.

ಹೊರಡುವ ದಿನ ನೀನು ಕೊಬ್ಬರಿ ಮಿಠಾಯಿಯ ಡಬ್ಬಿ ಕೊಟ್ಟೆ, ಜೊತೆಗೆ ಉಡುವ ಹೊಸ ಲೆಸೋ ಬಟ್ಟೆಯ ಒಂದು ಜೋಡಿ, ಮಡಿಕೆ ಬಿಚ್ಚದ್ದು. ಅಲ್ಲಿ ಸ್ನಾನ ಮಾಡಿ ಉಡು ಅಂದೆ. ಸೋಮವಾರ ಸಂಜೆ ಮನೆ ನೋಡಿ ಬಂದು, ಬೆವರಿನ ಬಟ್ಟೆ ಬಿಸಾಡಿ, ಆ ಲೆಸೋ ಬಿಚ್ಚಿದೆ. ಒಳಗಿಂದ ಪ್ಲಾಸ್ಟಿಕ್ ಲಕೋಟೆ ಕಾಲ ಮೇಲೆ ಬಿತ್ತು. ಸ್ವಾಬ್ರಾಳ ಜನನ ಪತ್ರ. ಚುಚ್ಚುಮದ್ದಿನ ಕಾರ್ಡು. ನಾಲ್ಕು ವರ್ಷದ ಶಾಲೆಯ ಅಂಕಪಟ್ಟಿ. ಎರಡು ಫೋಟೋ. ಹೊರಡುವ ಮುಂಚೆ ಇಲ್ಲಿಯ ಆಸ್ಪತ್ರೆಯವರು ಕಳಿಸಿದ ಕಾಗದವನ್ನು ನಿನಗೆ ಓದಿ ಹೇಳಿದ್ದೆನಲ್ಲ, ಮಕ್ಕಳ ಫೋಟೋ ನೀಲಿ ಹಿನ್ನೆಲೆಯಲ್ಲಿ ಇರಬೇಕು ಅಂತ, ಆ ಫೋಟೋಗಳ ಹಿನ್ನೆಲೆ ನೀಲಿ. ಹಬ್ಬದ ಹಸಿರು ಬಟ್ಟೆ ಹಾಕಿಸಿ, ಕೂದಲು ಬಿಗಿಯಾಗಿ ಹೆಣೆದು ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದೀಯ. ಆ ಮಂಡಿ ಇಟ್ಟುಕೊಂಡು ಸ್ಟುಡಿಯೋದ ಮಹಡಿ ಹತ್ತಿದ್ದೀಯ. ಒಂದು ಚೀಟಿ ಇಲ್ಲ, ಒಂದು ಮಾತಿಲ್ಲ. ಲೆಸೋ ಒಳಗೆ ಸುತ್ತಿ ಕಳಿಸಿದ್ದೀಯ, ಕಳ್ಳಸಾಗಣೆಯವರ ಹಾಗೆ.

ನಾನು ಮಂಚದ ಮೇಲೆ ಕೂತು ಅತ್ತೆ. ಸಿಟ್ಟಿನಿಂದ ಅತ್ತೆ ಅಂತಲೇ ತಿಳಿದುಕೊ. ನೀನು ಯಾರು ಅಂತ ತಿಳಿದುಕೊಂಡಿದ್ದೀಯ ಅಕ್ಕಾ? ಸಣ್ಣವರಿದ್ದಾಗ ನಿನ್ನ ಪಾಲಿನ ಮೀನಿನ ತುಂಡು ನನ್ನ ತಟ್ಟೆಗೆ ಜಾರಿಸಿ ನನಗೆ ಹಸಿವಿಲ್ಲ ಅನ್ನುತ್ತಿದ್ದೆ. ಇದೂ ಮೀನಿನ ತುಂಡೇ? ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಕೇಳಿದ್ದರೆ ಬೇಡ ಅನ್ನುತ್ತಿದ್ದೆ, ಅದಕ್ಕೇ ಕೇಳಲಿಲ್ಲ ನೀನು.

ಇವರು ಲಕೋಟೆ ನೋಡಿದರು. ಫೋಟೋವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಆಮೇಲೆ, "ನಾವು ಕೇಳಲಿಲ್ಲ, ಅವಳೇ ಕೊಟ್ಟಿದ್ದಾಳೆ. ಇನ್ನೇನು ಬೇಕು ನಿಂಗೆ?" ಅಂದರು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ನಿನ್ನ ಹತ್ತಿರ ಏನು ನಾಟಕ. ನನಗೂ ಅವಳು ಬೇಕು. ಹನ್ನೆರಡು ವರ್ಷ ಚಿಕ್ಕಮ್ಮ ಅನ್ನಿಸಿಕೊಂಡು ಹಾಯಾಗಿದ್ದೆ, ಹತ್ತಿರ ಇದ್ದಳಲ್ಲ. ಸೋಮವಾರ ಆ ಮೂರು ಕೋಣೆಯ ಮನೆಯಲ್ಲಿ ನಿಂತಾಗ ನಾನೂ ಮನಸ್ಸಿನಲ್ಲೇ ಅವಳ ಮಂಚ ಎಲ್ಲಿ ಹಾಕುವುದು ಅಂತ ನೋಡಿದ್ದೆ. ಬಾಗಿಲ ಕಡೆ ತಲೆ ಇಟ್ಟರೆ ಉಮ್ಮಿಗೆ ಅವಳ ಕಿವಿ ಸಿಗುತ್ತದೆ ಅಂತ ಅಳೆದೂ ಆಗಿತ್ತು. ಇವರ ಮೇಲೆ ಹಾರಾಡಿದ್ದು ಸುಮ್ಮನೆ.

ಮಂಗಳವಾರ ಶಾಲೆ ನೋಡಲು ಹೋದೆವು. ಒಳ್ಳೆಯ ಶಾಲೆ. ಲೆಕ್ಕಕ್ಕೆ ಬೇರೆ ಮೇಷ್ಟ್ರು, ವಿಜ್ಞಾನಕ್ಕೆ ಬೇರೆ ಕೋಣೆ, ಮೇಜಿನ ಮೇಲೆ ಸಾಲಾಗಿ ಸೂಕ್ಷ್ಮದರ್ಶಕ. ಸ್ವಾಬ್ರಾಳ ಶಾಲೆಯಲ್ಲಿ ಒಂದೇ ಇದೆ, ಅದಕ್ಕೂ ಬೀಗ ಹಾಕಿಟ್ಟಿರುತ್ತಾರೆ ಅಂತ ಅವಳು ಗೊಣಗುತ್ತಿರುತ್ತಾಳಲ್ಲ, ನೆನಪಾಯಿತು. ಮುಖ್ಯೋಪಾಧ್ಯಾಯಿನಿ ಒಬ್ಬರು ವಯಸ್ಸಾದ ಹೆಂಗಸು, ಬಿ ಝುವೈನಾ ಅಂತ. ಅರಬ್ಬಿಯಲ್ಲಿ ಶುರು ಮಾಡಿದವರು ನಮ್ಮ ಮಾತು ಕೇಳಿ ನಮ್ಮ ಭಾಷೆಗೇ ಬಂದರು, ಪೆಂಬಾ ದ್ವೀಪದವರ ಎಳೆತ ಇನ್ನೂ ನಾಲಿಗೆಯಲ್ಲಿತ್ತು. ಕಾಫಿ ತರಿಸಿದರು, ಖರ್ಜೂರ ಇಟ್ಟರು. ಆಮೇಲೆ ಪೆನ್ನು ತೆಗೆದು ಎಷ್ಟು ಮಕ್ಕಳು ಅಂತ ಕೇಳಿದರು. ಇವರು ಮೂರು ಅಂದರು. ಅದೇ ಉಸಿರಿನಲ್ಲಿ ನಾನು ಎರಡು ಅಂದೆ.

ಗಂಡಹೆಂಡಿರು ತಮ್ಮ ಮಕ್ಕಳ ಎಣಿಕೆಯಲ್ಲೇ ಜಗಳವಾಡುವುದನ್ನು ಬೇರೆ ಯಾರಾದರೂ ನೋಡಿದ್ದರೆ ನಮ್ಮನ್ನು ಹುಚ್ಚರು ಅನ್ನುತ್ತಿದ್ದರು. ನಾಚಿಕೆಯಿಂದ ನಾನು ಕಾಫಿ ಬಟ್ಟಲು ನೋಡುತ್ತಾ ಕೂತೆ. ಬಿ ಝುವೈನಾ ಇವರನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು, ಪೆನ್ನು ಮುಚ್ಚಿ ಕೆಳಗಿಟ್ಟರು.

"ಒಂದನ್ನ ಸಾಕೋಕೆ ಕೊಟ್ಟಿದ್ದೀರಾ?" ಅಂದರು.

ಹೌದು ಅಂದೆ. ಯಾರಿಗೆ ಅಂದರು. ಅಕ್ಕನಿಗೆ ಅಂದೆ. ಅಕ್ಕನಿಗೆ ಬೇರೆ ಮಕ್ಕಳಿದ್ದಾರಾ ಅಂದರು. ಇಲ್ಲ ಅಂದೆ. ಆಮೇಲೆ ಅವರು ಹೇಳಿದ್ದನ್ನು ನಾನು ನಿನ್ನೆಯಿಂದ ಮರೆಯಲು ನೋಡುತ್ತಿದ್ದೇನೆ.

"ನನ್ನನ್ನೂ ಕೊಟ್ಟಿದ್ರು, ಚಿಕ್ಕಮ್ಮನಿಗೆ. ಹನ್ನೊಂದು ವರ್ಷ ಆದ್ಮೇಲೆ ಅಪ್ಪ ಇಲ್ಲಿಗೆ ಬರುವಾಗ ವಾಪಸ್ ಕರ್ಕೊಂಡ್ರು. ತಪ್ಪು ಮಾಡಿದ್ರು ಅಂತ ನಾನು ಹೇಳಲ್ಲಮ್ಮ. ಓದಿಸಿದ್ರು, ಇವತ್ತು ಈ ಕುರ್ಚೀಲಿ ಕೂತಿದ್ದೀನಿ. ಆದ್ರೆ ನನ್ನ ಸಾಕಿದವಳು ತೀರಿಹೋದಾಗ, ಅವಳ ನಲವತ್ತನೇ ದಿನ ಕಳೆದ ಮೇಲೆ ನಂಗೆ ಸುದ್ದಿ ಹೇಳಿದ್ರು. ಕಾಗದದ ಪ್ರಕಾರ ಅವಳು ನಂಗೆ ಏನೂ ಆಗಬೇಕಿರಲಿಲ್ಲ ನೋಡು."

ಇಷ್ಟು ಹೇಳಿ, ಖರ್ಜೂರ ತಗೊಳ್ಳಿ ಅಂತ ತಟ್ಟೆಯನ್ನು ನಮ್ಮ ಕಡೆ ತಳ್ಳಿದರು. ಮೂರು ಸೀಟೂ ಇವೆ, ನೀವು ಎರಡು ಬರೆದರೆ ಎರಡು, ಮೂರು ಬರೆದರೆ ಮೂರು, ಶಾಲೆಗೆ ಅಡ್ಡಿಯಿಲ್ಲ ಅಂದರು. ಆಸ್ಪತ್ರೆಯವರು ನಮಗೆ ತುಂಬಲು ಕೊಟ್ಟಿರುವ ಫಾರಂ ಮಾತ್ರ ಗುರುವಾರ ಬೆಳಗ್ಗೆ ಕೊಡಬೇಕು, ಅದರಲ್ಲಿ ಬರೆದ ಹೆಸರಿಗಷ್ಟೇ ವೀಸಾ.

ವಾಪಸ್ ಬರುವಾಗ, ಹೊರಗೆ ಕಾರಿನಲ್ಲಿ ಕಾದಿದ್ದ ಆ ಮನೆ ತೋರಿಸುವ ಹೆಂಗಸನ್ನು ಸುಮ್ಮನೆ ಎಂಬಂತೆ ಕೇಳಿದೆ, ಅಕ್ಕನನ್ನು ಕರೆದುಕೊಂಡು ಬರಬಹುದೇ ಅಂತ. ಫಾರಂ ತಿರುಗಿಸಿ ತೋರಿಸಿದಳು. ಹೆಂಡತಿ ಅಂತ ಒಂದು ಸಾಲು, ಮಕ್ಕಳು ಅಂತ ಮೂರು ಸಾಲು. ಅಕ್ಕ ಅಂತ ಸಾಲಿಲ್ಲ. ನೋಡಿ ಹೋಗಲು ಬರಬಹುದು, ಒಂದು ತಿಂಗಳು ಅಂದಳು. ಸಭ್ಯವಾಗಿಯೇ ಹೇಳಿದಳು, ಅವಳ ತಪ್ಪೇನಿದೆ. ಹೋಟೆಲಿಗೆ ಬಂದ ಮೇಲೆ ಇವರು ಮೇಜಿಗೆ ಕೂತು ಮೂರು ಸಾಲನ್ನೂ ತುಂಬಿದರು. ಸ್ವಾಬ್ರಾ, ಅಲ್ವಿ, ಉಮ್ಮಿ. ದುಂಡಗಿನ ಅಕ್ಷರ, ಶಾಲೆಯ ಹುಡುಗನ ಹಾಗೆ ನಾಲಿಗೆ ಕಚ್ಚಿಕೊಂಡು ಬರೆದರು. ನಾನು ತಡೆಯಲಿಲ್ಲ. ಮೂರೂ ಹೆಸರು ಒಂದರ ಕೆಳಗೊಂದು ನೋಡಿದ್ದು ಅದೇ ಮೊದಲು ಅಕ್ಕಾ, ಕಣ್ಣು ತೆಗೆಯಲಾಗಲಿಲ್ಲ.

ಇವತ್ತು ಮಧ್ಯಾಹ್ನದವರೆಗೂ ಹಾಗೇ ಇತ್ತು. ಓದಿಸುತ್ತೇವೆ, ರಜೆಗೆ ಪ್ರತಿ ವರ್ಷ ಕಳಿಸುತ್ತೇವೆ, ನಿನಗೂ ತಿಂಗಳಿಗೊಮ್ಮೆ ವೀಡಿಯೋ ಕರೆ, ಹೀಗೆಲ್ಲ ನಾನೇ ನನಗೆ ಹೇಳಿಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನಾಲ್ಕು ಗಂಟೆಯ ನಮಾಜು ಮುಗಿಸಿ ಕೂತಿದ್ದೆ, ಫೋನು ಬಂತು. ನಿನ್ನ ನಂಬರು. ಮಾತಾಡಿದವಳು ಸ್ವಾಬ್ರಾ. ನೀನು ನೀರಿನ ಗಾಡಿಯವನ ಹತ್ತಿರ ಹೋಗಿದ್ದೀಯ, ಅದಕ್ಕೇ ಮಾಡಿದೆ, ನಿನಗೆ ಹೇಳಬಾರದು ಅಂದಳು. ಹಾಗಾಗಿ ನಾನು ಹೇಳಿಬಿಟ್ಟೆ ಅಂತ ನೀನು ಅವಳಿಗೆ ಹೇಳಬೇಡ. ಇವರೂ ಪಕ್ಕದಲ್ಲೇ ಇದ್ದರು, ಎಲ್ಲಾ ಕೇಳಿಸಿಕೊಂಡರು.

"ಚಿಕ್ಕಮ್ಮ, ಅಲ್ಲಿ ಗಂಡಸರೆಲ್ಲ ಕಸೂತಿ ಟೋಪಿ ಹಾಕ್ತಾರಂತಲ್ಲ, ನಿಜವಾ? ಅಮ್ಮ ನಂಗೆ, ನೀನು ಮೊದಲು ಹೋಗಿರು, ನಾನು ಹಿಂದೇನೇ ಬರ್ತೀನಿ, ಅಲ್ಲಿ ನನ್ನ ಟೋಪಿಗೆ ಕ್ಯೂ ನಿಲ್ತಾರೆ ಅಂತಾಳೆ. ಮನೆ ನೋಡ್ತಿದ್ದೀಯಲ್ಲ, ಅಮ್ಮಂಗೆ ಕಿಟಕಿ ಇರೋ ಕೋಣೆ ನೋಡು. ನಂಗೆ ಎಲ್ಲಾದ್ರೂ ಆಗುತ್ತೆ. ಅವಳಿಗೆ ಬೆಳಕಿಲ್ಲದಿದ್ರೆ ಸೂಜಿಗೆ ದಾರ ಪೋಣಿಸೋಕೆ ಆಗಲ್ಲ, ಈಗ್ಲೇ ದಿನಾ ನಾನೇ ಪೋಣಿಸಿಟ್ಟು ಶಾಲೆಗೆ ಹೋಗ್ತೀನಿ."

ಹದಿನೈದು ಸೂಜಿ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಾಳಂತೆ, ಸಂಜೆಯವರೆಗೆ ಸಾಕಾಗುತ್ತದಂತೆ. ಕಣ್ಣು ಅಷ್ಟು ಕೆಟ್ಟಿದೆ ಅಂತ ನೀನು ನನಗೂ ಹೇಳಿಲ್ಲ. ಆಯಿತು ನೋಡುತ್ತೇನೆ ಅಂದೆ. ಇನ್ನೇನು ಹೇಳಲಿ, ನೀನೇ ಹೇಳು. ಫೋನು ಇಟ್ಟ ಮೇಲೆ ಇವರು ಎದ್ದು ಚಪ್ಪಲಿ ಹಾಕಿಕೊಂಡು ಆ ಸುಡು ಬಿಸಿಲಿನಲ್ಲೇ ಹೊರಗೆ ಹೋದರು. ಇನ್ನೂ ಬಂದಿಲ್ಲ. ಫಾರಂ ಮೇಜಿನ ಮೇಲೆ ಇದೆ.

ಈಗ ಬೈಯುತ್ತೇನೆ, ಕೇಳು. ಕಾಗದ ಕಟ್ಟಿ ಕಳಿಸಿದ್ದಕ್ಕೆ ಸಿಟ್ಟು ಬಂದಿತ್ತು, ಅದು ಆಗಲೇ ಅರ್ಧ ಇಳಿದಿತ್ತು. ಆ ಮಗುವಿಗೆ ಹಿಂದೇನೇ ಬರುತ್ತೇನೆ ಅಂತ ಸುಳ್ಳು ಹೇಳಿದ್ದಕ್ಕೆ ಬಂದ ಸಿಟ್ಟು ಇಳಿಯುವುದಿಲ್ಲ. ನಗುನಗುತ್ತಾ ವಿಮಾನ ಹತ್ತಿಸಿ, ಆಮೇಲೆ ಅವಳು ಇಲ್ಲಿ ಬಾಗಿಲು ನೋಡುತ್ತಾ ಕೂರಬೇಕಿತ್ತೇ? ಮೊದಲನೆಯ ವಾರ ಅಮ್ಮ ಯಾವಾಗ ಬರ್ತಾಳೆ ಅಂತ ಕೇಳುತ್ತಾಳೆ, ನಾನು ಏನಾದರೊಂದು ಹೇಳುತ್ತೇನೆ. ಎರಡನೆಯ ತಿಂಗಳು ಕೇಳುವುದನ್ನು ಬಿಡುತ್ತಾಳೆ. ಅವತ್ತಿನಿಂದ ನಾನು ಅವಳಿಗೆ ಯಾರು? ಅಮ್ಮ ಆಗುವುದಿಲ್ಲ, ಚಿಕ್ಕಮ್ಮ ಕೂಡ ಉಳಿಯುವುದಿಲ್ಲ. ನಿನಗೆ ಒಳ್ಳೆಯ ಮನಸ್ಸಿದೆ ಅಕ್ಕಾ, ಆದರೆ ಒಂದು ಚೂರು ಬುದ್ಧಿ ಇಲ್ಲ. ಬೈದು ಮುಗಿಯಿತು. ಸುಸ್ತಾಗಿದೆ.

ಬಕಾರಿ ಮುದುಕರು ಬಂದಾಗ ಚಹಾ ಕೊಡದೆ ಕಳಿಸಬೇಡ, ಸಕ್ಕರೆ ಕೇಳಿದರೂ ಹಾಕಬೇಡ. ಜಗಲಿಯ ಹೆಂಗಸರಿಗೆಲ್ಲ ನನ್ನ ಸಲಾಮು, ಇಲ್ಲಿ ಕೂರಲು ಜಾಗವಿಲ್ಲ ಅಂತಲೂ ಹೇಳು. ಅಲ್ವಿ, ಉಮ್ಮಿಯ ಕೆನ್ನೆಗೆ ಮುತ್ತು. ಸ್ವಾಬ್ರಾಳಿಗೆ ಏನು ಹೇಳಲಿ, ಅವಳ ತಲೆಯ ಮೇಲೊಮ್ಮೆ ಕೈ ಇಡು, ನನ್ನದು ಅಂತ ಹೇಳದೆ. ದೇವರು ನಿನ್ನ ಮಂಡಿಗೂ ಕಣ್ಣಿಗೂ ಶಕ್ತಿ ಕೊಡಲಿ.

ನಿನ್ನ ಕಾಲಿನ ಹಿಂದೆ ಅಡಗಿ ಬೆಳೆದ ತಂಗಿ,
ಮ್ವಾನಾಶಾ

ತಾ.ಕ.: ಗುರುವಾರ ಬೆಳಗ್ಗೆ. ಬಕಾರಿ ಕೆಳಗೆ ಕಾರಿನಲ್ಲಿ ಕೂತು ಅವಸರ ಮಾಡುತ್ತಿದ್ದಾರೆ. ಇವರು ಬೆಳಗಿನ ನಮಾಜು ಮುಗಿಸಿ ಹಾಗೇ ಆಸ್ಪತ್ರೆಯ ಕಚೇರಿಗೆ ಹೋಗಿ ಹೊಸ ಫಾರಂ ಕೇಳಿ ತಂದರು. ಅಲ್ವಿ, ಉಮ್ಮಿ, ಎರಡು ಹೆಸರು ಬರೆದರು. ಖಾಲಿ ಸಾಲು ಬಿಡಬಾರದಂತೆ, ಅಡ್ಡಗೆರೆ ಎಳೆಯಬೇಕಂತೆ. ಇವರು ಪೆನ್ನು ಹಿಡಿದು ಕೂತೇ ಇದ್ದರು, ಆಮೇಲೆ ನನ್ನ ಕೈಗೆ ಕೊಟ್ಟರು. ಮೂರನೆಯ ಸಾಲಿಗೆ ಗೆರೆ ನಾನೇ ಎಳೆದೆ. ನೆಟ್ಟಗೇ ಬಂತು. ಎರಡು ಕೋಣೆಯ ಮನೆಗೆ ಹೂಂ ಅಂದಿದ್ದೇವೆ. ನಾವು ಬರುವ ಮೊದಲು ನೀನೇ ಅವಳಿಗೆ ನಿಜ ಹೇಳು, ನೀನೂ ಬರುವುದಿಲ್ಲ, ಅವಳೂ ಬರುವುದಿಲ್ಲ, ನೀವಿಬ್ಬರೂ ಅಲ್ಲೇ ಇರುತ್ತೀರಿ ಅಂತ. ದೊಡ್ಡವಳಾಗಿ ಅವಳೇ ಬರುತ್ತೇನೆ ಅಂದರೆ ಆಗ ಬೇರೆ ಮಾತು. ಲಕೋಟೆ ಇದರ ಜೊತೆಗೇ ಇದೆ, ಅವಳು ಶಾಲೆಯಿಂದ ಬರುವಷ್ಟರಲ್ಲಿ ನಿನ್ನ ಪೆಟ್ಟಿಗೆಯಲ್ಲಿ ಮೊದಲಿದ್ದಲ್ಲೇ ಇಟ್ಟುಬಿಡು. ಎಣಿಸಿ ನೋಡುತ್ತೀಯ, ನನಗೆ ಗೊತ್ತು. ಜನನ ಪತ್ರ, ಕಾರ್ಡು, ಅಂಕಪಟ್ಟಿ ಎಲ್ಲಾ ಸರಿಯಾಗಿವೆ. ಫೋಟೋ ಮಾತ್ರ ಒಂದೇ ಇದೆ. ಇನ್ನೊಂದನ್ನು ಕೇಳಬೇಡ.